ಕಿತ್ತಳೆಯ ಕನಸಿನ ಹಳೆಯ ಸುರುಳಿಗಳು

ಈ ಅಂಕಣದ ವಾಚಕರು ನಮ್ಮಿಂದ ಸಾಮಾನ್ಯವಾಗಿ ನಿರೀಕ್ಷಿಸುವುದು ಶಾಲೆಯ ಮಾತು, ಪದಗಳ ಮೂಲದ ಮಾತು, ಒಮ್ಮೊಮ್ಮೆ ತಾಳಮದ್ದಳೆಯ ಮಾತು. ಈ ತಿಂಗಳು ಅವುಗಳನ್ನು ಬದಿಗಿರಿಸಿ ಬರ್ಲಿನ್ ನಗರದ ಒಂದು ವಾದ್ಯವೃಂದದ ಸಂಗತಿಯನ್ನು ನಿವೇದಿಸಲು ಹೊರಟಿದ್ದೇವೆ. ಹೆಡ್ಮಾಸ್ತರರಿಗೆ ಇದೆಲ್ಲಿಯ ಹುಚ್ಚು ಎಂದು ಕೇಳುವವರು ಕೇಳಲಿ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಈಗಾಗಲೇ ಬಂದಿದೆ.

ಇದಕ್ಕೆ ಕಾರಣನಾದವನು ನಮ್ಮ ಒಬ್ಬ ಹಳೆಯ ವಿದ್ಯಾರ್ಥಿ. ಐದನೆಯ ತರಗತಿಯಲ್ಲಿ ಮಗ್ಗಿ ತಪ್ಪಿದರೂ ಭಾಗವತರ ಪದ ತಪ್ಪದ ಹುಡುಗ. ಈಗ ಜರ್ಮನಿಯಲ್ಲಿ ಉದ್ಯೋಗಸ್ಥನಾಗಿದ್ದಾನೆ. ಕಳೆದ ರಜೆಯಲ್ಲಿ ಊರಿಗೆ ಬಂದವನು ಒಂದು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು, ಚೀಲದಿಂದ ಒಂದು ದಪ್ಪನೆಯ ಪೆಟ್ಟಿಗೆಯನ್ನು ತೆಗೆದು ಮುಂದಿಟ್ಟ. “ಮಾಷ್ಟ್ರೇ, ಇದಕ್ಕೆ ಅರ್ಥ ಹುಡುಕಬೇಡಿ. ಸುಮ್ಮನೆ ಕೇಳಿ. ಆಮೇಲೆ ಒಂದು ವಿಷಯ ಹೇಳುತ್ತೇನೆ” ಎಂದ. ಕೇಳಿದೆವು. ಮೊದಲ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಒಳಗಿನಿಂದ “ತೋಟದ ಪಂಪು ನಿಲ್ಲಿಸಲಿಲ್ಲವೇ?” ಎಂಬ ಪ್ರಶ್ನೆ ಬಂತು. ಪಂಪು ನಿಂತು ಒಂದು ಗಂಟೆಯಾಗಿತ್ತು.

ಆ ಪೆಟ್ಟಿಗೆಯೊಳಗಿದ್ದುದು ‘ಟ್ಯಾಂಜರೀನ್ ಡ್ರೀಮ್’ ಎಂಬ ವೃಂದದ ಧ್ವನಿಮುದ್ರಣಗಳ ಒಂದು ಸಂಕಲನ. ವೃಂದದ ಹೆಸರನ್ನು ಕನ್ನಡಿಸುವುದಾದರೆ ಕಿತ್ತಳೆಯ ಕನಸು. ಸಂಕಲನದ ಹೆಸರು ‘ಇನ್ ಸರ್ಚ್ ಆಫ್ ಹೇಡೀಸ್’, ಎಂದರೆ ಪಾತಾಳದ ಶೋಧದಲ್ಲಿ. 2019ರಲ್ಲಿ ಹೊರಬಂದ ಇದರಲ್ಲಿ 16 ಸಿ.ಡಿ.ಗಳೂ 2 ಬ್ಲೂ-ರೇ ತಟ್ಟೆಗಳೂ ಇವೆ. 1973ರಿಂದ 1979ರವರೆಗೆ ಈ ವೃಂದವು ಇಂಗ್ಲೆಂಡಿನ ವರ್ಜಿನ್ ಸಂಸ್ಥೆಗಾಗಿ ಮಾಡಿದ ಧ್ವನಿಮುದ್ರಿಕೆಗಳು ಮೊದಲ ಭಾಗ. ಅವು ಅಂಗಡಿಗಳಲ್ಲಿ ದೊರೆಯುತ್ತಿದ್ದವೇ. ನಮ್ಮ ಆಸಕ್ತಿಯನ್ನು ಸೆಳೆದುದು ಉಳಿದ ಭಾಗ: ಅಂದು ಬೇಡವೆಂದು ಬದಿಗಿಟ್ಟ ಸುರುಳಿಗಳು, ಲಂಡನ್ನಿನ ಮೂರು ಕಚೇರಿಗಳ ಮುದ್ರಣ, ಮತ್ತು ನಾಟಕವೊಂದಕ್ಕಾಗಿ ರಚಿಸಿ ನಲವತ್ತೈದು ವರ್ಷ ಪೂರ್ಣವಾಗಿ ಹೊರಬಾರದೆ ಉಳಿದಿದ್ದ ಸಂಗೀತ.

ವೃಂದದ ಸ್ಥಾಪಕ ಎಡ್ಗರ್ ಫ್ರೋಸ. ಅವರು 1944ರ ಜೂನ್ 6ರಂದು ಜನಿಸಿದ ಊರು ಟಿಲ್ಸಿಟ್. ಆಗ ಅದು ಜರ್ಮನಿಯ ಪೂರ್ವ ಅಂಚಿನ ಪಟ್ಟಣ. ಯುದ್ಧ ಮುಗಿದಾಗ ಗಡಿ ಸರಿಯಿತು. ಊರು ಸೋವಿಯತ್ ದೇಶಕ್ಕೆ ಸೇರಿತು. 1946ರಲ್ಲಿ ಅದರ ಹೆಸರೇ ಸೋವೆತ್ಸ್ಕ್ ಎಂದು ಬದಲಾಯಿತು. 1956ರ ನವೆಂಬರ್ 1ರ ನೆನಪನ್ನು ಹಿರಿಯರ ಬಾಯಿಂದ ಕೇಳಿ ಬೆಳೆದ ನಮ್ಮ ವಾಚಕರಿಗೆ, ಮನೆ ಇದ್ದಲ್ಲೇ ಇದ್ದು ಗಡಿ ಮಾತ್ರ ನಡೆದುಹೋಗುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ನಮ್ಮವರು ಊರಿನಲ್ಲಿ ಉಳಿದರು. ಅಲ್ಲಿಯ ಜರ್ಮನರಿಗೆ ಆ ಭಾಗ್ಯವೂ ಇರಲಿಲ್ಲ. ಫ್ರೋಸ ಬೆಳೆದುದು ಪಶ್ಚಿಮ ಬರ್ಲಿನ್ನಿನಲ್ಲಿ. ಅಲ್ಲಿ ಚಿತ್ರಕಲೆ, ಶಿಲ್ಪಗಳನ್ನು ಅಭ್ಯಾಸಮಾಡಿ, 1967ರಲ್ಲಿ ಈ ವೃಂದವನ್ನು ಕಟ್ಟಿದರು. 1961ರಲ್ಲಿ ಎದ್ದ ಗೋಡೆಯ ನಡುವೆ, ನಾಲ್ಕೂ ದಿಕ್ಕಿಗೆ ಅನ್ಯರಾಜ್ಯದಿಂದ ಸುತ್ತುವರಿದ ಅರ್ಧ ನಗರ ಅದು.

ಅವರ ಮೊದಲ ಧ್ವನಿಮುದ್ರಿಕೆ ಹೊರಬಂದುದು 1970ರಲ್ಲಿ. 1969ರ ಅಕ್ಟೋಬರಿನಲ್ಲಿ ಬರ್ಲಿನ್ನಿನ ಒಂದು ಕಾರ್ಖಾನೆಯ ಜಾಗದಲ್ಲಿ, ರೆವೋಕ್ಸ್ ಎಂಬ ಸಾಮಾನ್ಯ ಸುರುಳಿ ಯಂತ್ರದ ಮುಂದೆ ನುಡಿಸಿದುದೇ ಅದಾಯಿತು. ಅನಂತರ ಬಂದ ‘ಝೈಟ್’, ಎಂದರೆ ಕಾಲ, ಎಂಬುದು 1972ರದು. ಎರಡು ತಟ್ಟೆಗಳ ನಾಲ್ಕು ಬದಿಗೆ ನಾಲ್ಕೇ ಕೃತಿ. ತಾಳವಿಲ್ಲ, ಪಲ್ಲವಿಯಿಲ್ಲ. ಅದನ್ನು ಕೇಳುತ್ತ ನಾವು ಕುರ್ಚಿಯಲ್ಲೇ ನಿದ್ರಿಸಿದೆವೆಂಬುದನ್ನು ಮುಚ್ಚಿಡುವುದಿಲ್ಲ. ಶಿಷ್ಯ ಏನೂ ಹೇಳಲಿಲ್ಲ. ಹಿಂದೆ ಅವನು ನಮ್ಮ ತರಗತಿಯಲ್ಲಿ ನಿದ್ರಿಸಿದಾಗ ನಾವು ಹೇಳಿದಷ್ಟನ್ನು ಅವನು ಈಗ ಹೇಳದೆ ಬಿಟ್ಟುದು ಅವನ ದೊಡ್ಡತನ.

1973ರ ಹೊತ್ತಿಗೆ ವೃಂದದಲ್ಲಿ ಮೂವರಿದ್ದರು: ಫ್ರೋಸ, ಕ್ರಿಸ್ಟೋಫರ್ ಫ್ರಾಂಕ, ಪೀಟರ್ ಬೌಮನ್. ಆ ವರ್ಷದ ಕೊನೆಗೆ ಅವರು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿದ್ದ ವರ್ಜಿನ್ ಸಂಸ್ಥೆಯ ಧ್ವನಿಮುದ್ರಣ ಭವನಕ್ಕೆ ಹೋದರು. ಅಲ್ಲಿ ಹುಟ್ಟಿದುದು ‘ಫೀಡ್ರಾ’. ಮುಂದಿನ ಮಾತು ತಿಳಿಯಬೇಕಾದರೆ ಅವರ ಕೈಯಲ್ಲಿದ್ದ ಎರಡು ವಾದ್ಯಗಳ ಪರಿಚಯ ಅಗತ್ಯ.

ಮೊದಲನೆಯದು ಮೂಗ್ ಸಿಂಥಸೈಸರ್. ಅದರಲ್ಲಿ ತಂತಿಯೂ ಇಲ್ಲ, ಚರ್ಮವೂ ಇಲ್ಲ, ಊದುವ ಕೊಳವೆಯೂ ಇಲ್ಲ. ಆಸಿಲೇಟರ್ ಎಂಬ ವಿದ್ಯುನ್ಮಂಡಲವು ಕಂಪಿಸುತ್ತದೆ. ಆ ಕಂಪನವು ಸ್ಪೀಕರಿನಲ್ಲಿ ನಾದವಾಗಿ ಕೇಳುತ್ತದೆ. ಅದಕ್ಕೆ ಕೊಡುವ ವೋಲ್ಟೇಜು ಏರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಇದಕ್ಕೆ ಜೋಡಿಸುವ ಸೀಕ್ವೆನ್ಸರ್ ಎಂಬ ಭಾಗದಲ್ಲಿ ಸಾಲಾಗಿ ತಿರುಗುಗುಂಡಿಗಳಿವೆ. ಒಂದೊಂದು ಗುಂಡಿಯೂ ಒಂದೊಂದು ವೋಲ್ಟೇಜನ್ನು, ಎಂದರೆ ಒಂದೊಂದು ಸ್ವರವನ್ನು, ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರವು ಮೊದಲ ಗುಂಡಿಯಿಂದ ಕೊನೆಯವರೆಗೆ ಹೋಗಿ ಮತ್ತೆ ಮೊದಲಿಗೆ ಬರುತ್ತದೆ. ಹೀಗೆ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ನುಡಿಸುವಾತನು ಸುತ್ತು ನಡೆಯುತ್ತಿರುವಂತೆಯೇ ಒಂದು ಗುಂಡಿಯನ್ನು ಕೊಂಚ ತಿರುಗಿಸಿದರೆ ಮುಂದಿನ ಆವರ್ತದಲ್ಲಿ ಆ ಸ್ವರ ಬೇರೆಯಾಗುತ್ತದೆ. ಈ ವೃಂದದ ಹೆಸರು ಹೇಳಿದೊಡನೆ ಅಭಿಮಾನಿಗಳಿಗೆ ನೆನಪಾಗುವ, ಓಡುವ ರೈಲಿನಂಥ ಕೆಳಸ್ವರದ ಗತಿ ಹುಟ್ಟುವುದು ಇದರಿಂದ.

ಎರಡನೆಯದು ಮೆಲೊಟ್ರಾನ್. ಹೊರನೋಟಕ್ಕೆ ನಮ್ಮ ಹಾರ್ಮೋನಿಯಮ್ಮಿನ ದೊಡ್ಡಣ್ಣ. ಒಳಗೆ ಪ್ರತಿಯೊಂದು ಮನೆಗೂ ಒಂದೊಂದು ಟೇಪಿನ ಪಟ್ಟಿ. ಆ ಪಟ್ಟಿಯ ಮೇಲೆ ಯಾರೋ ನುಡಿಸಿದ ಪಿಟೀಲು ಅಥವಾ ಕೊಳಲಿನ ಒಂದೇ ಒಂದು ಸ್ವರ. ಮನೆಯನ್ನು ಒತ್ತಿದರೆ ಪಟ್ಟಿ ಓಡಿ ಆ ಸ್ವರ ಕೇಳುತ್ತದೆ; ಸುಮಾರು ಎಂಟು ಸೆಕೆಂಡಿಗೆ ಪಟ್ಟಿ ಮುಗಿಯುತ್ತದೆ. ಎಷ್ಟು ಒತ್ತಿ ಹಿಡಿದರೂ ಅದಕ್ಕಿಂತ ಹೆಚ್ಚು ಉಸಿರು ಅದಕ್ಕಿಲ್ಲ. ಬೆರಳು ತೆಗೆದರೆ ಪಟ್ಟಿ ಹಿಂದಕ್ಕೆ ಸರಿದು ಮತ್ತೆ ಮೊದಲಿನಿಂದ. ಸಿಂಥಸೈಸರ್ ಇಲ್ಲದ ನಾದವನ್ನು ಹುಟ್ಟಿಸುತ್ತದೆ. ಮೆಲೊಟ್ರಾನ್ ಎಂದೋ ನುಡಿದ ನಾದವನ್ನು ಕರೆದು ತರುತ್ತದೆ.

ಈಗ ‘ಫೀಡ್ರಾ’ದ ಕಷ್ಟವನ್ನು ಕೇಳಬೇಕು. ಆ ಸೀಕ್ವೆನ್ಸರನ್ನು ಅವರು ಧ್ವನಿಮುದ್ರಿಕೆಗೆ ಬಳಸಿದುದು ಅದೇ ಮೊದಲು. ಒಮ್ಮೆ ಹೊಂದಿಸಿದ ಸ್ವರವನ್ನು ನೆನಪಿಟ್ಟುಕೊಳ್ಳುವ ಸೌಕರ್ಯ ಆ ಕಾಲದ ಯಂತ್ರಕ್ಕೆ ಇರಲಿಲ್ಲ. ಆದುದರಿಂದ ದಿನವೂ ಶ್ರುತಿ ಹಿಡಿಯುವುದಕ್ಕೇ ಗಂಟೆಗಟ್ಟಲೆ ವ್ಯಯ. ಮಳೆಗಾಲದಲ್ಲಿ ಮದ್ದಳೆಯ ಮುಚ್ಚಿಗೆ ಸಡಿಲಾಗಿ, ಬೆಂಕಿಗೆ ಹಿಡಿದು ಹದಮಾಡಿಕೊಳ್ಳುವ ನಮ್ಮ ಮದ್ದಳೆಗಾರರಿಗೆ ಈ ಕಷ್ಟ ಹೊಸದಲ್ಲ. ಆದರೆ ಮದ್ದಳೆಯನ್ನು ಕಾಯಿಸಿದರೆ ಶ್ರುತಿ ಸೇರುತ್ತದೆ, ಇವರ ಯಂತ್ರ ಕಾದರೆ ಶ್ರುತಿ ಜಾರುತ್ತದೆ! ಬೆಳಗ್ಗೆ 11ರಿಂದ ರಾತ್ರಿ 2ರವರೆಗೆ ದುಡಿದರೂ ಹನ್ನೊಂದನೆಯ ದಿನದ ಹೊತ್ತಿಗೆ ಸುರುಳಿಯಲ್ಲಿದ್ದುದು ಆರು ನಿಮಿಷದ ಸಂಗೀತವೂ ಕಷ್ಟವೆಂದು ಫ್ರೋಸ ನೆನೆದಿದ್ದಾರೆ. ಸುರುಳಿ ಯಂತ್ರ ಕೆಟ್ಟಿತು. ಮಿಶ್ರಣ ಫಲಕ ಮತ್ತೆ ಮತ್ತೆ ಕೈಕೊಟ್ಟಿತು. ಕೆಳಸ್ವರದ ಹೊಡೆತಕ್ಕೆ ಸ್ಪೀಕರುಗಳು ಹಾಳಾದವು. ಎರಡು ದಿನ ಬಿಡುವು ಮಾಡಿಕೊಂಡು ಬಂದ ಮೇಲೆಯೇ ಕೆಲಸ ಸಾಗಿದುದು.

ಮುಖ್ಯ ಕೃತಿಯಲ್ಲಿ ಯಂತ್ರ ಬಿಸಿಯಾಗುತ್ತ ಹೋದಂತೆ ಸ್ವರಗಳು ತಮ್ಮಷ್ಟಕ್ಕೆ ಜಾರುವುದು ಕೇಳಿಸುತ್ತದೆ. ಇದು ಯಾರೂ ಉದ್ದೇಶಿಸಿದುದಲ್ಲ. ಅವರು ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಇನ್ನೊಂದು ಕೃತಿಯ ಕಥೆ ಇನ್ನೂ ಸ್ವಾರಸ್ಯಕರ. ದಿನವಿಡೀ ದುಡಿದು ಉಳಿದಿಬ್ಬರು ಮಲಗಿದ್ದಾಗ ಫ್ರೋಸ ತಮ್ಮ ಪತ್ನಿಯನ್ನು ಭವನದೊಳಕ್ಕೆ ಕರೆದರು. ತಾವು ಮೆಲೊಟ್ರಾನ್ ನುಡಿಸಿದರು. ಆಕೆ ನಾದವನ್ನು ಅಲೆಯಲೆಯಾಗಿಸುವ ಉಪಕರಣದ ಗುಂಡಿಗಳನ್ನು ತಿರುಗಿಸಿದರು. ಒಂದೇ ಸಲಕ್ಕೆ ಮುಗಿಯಿತು. ಅಂದು ಮುದ್ರಿಸಿದುದೇ ತಟ್ಟೆಯಲ್ಲಿದೆ. 1974ರ ಫೆಬ್ರವರಿಯಲ್ಲಿ ಹೊರಬಂದ ಈ ತಟ್ಟೆ ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ 15ನೆಯ ಸ್ಥಾನಕ್ಕೇರಿತು. ಒಂದು ಬದಿಗೆ ಒಂದೇ ಕೃತಿಯಿರುವ, ಹಾಡೇ ಇಲ್ಲದ ತಟ್ಟೆಗೆ ಇದು ಸಣ್ಣ ಮಾತಲ್ಲ.

ಸಂಕಲನದಲ್ಲಿ ‘ಫೀಡ್ರಾ’ಕ್ಕಾಗಿ ನುಡಿಸಿ ಕೈಬಿಟ್ಟ ತುಣುಕುಗಳು ಸೇರಿವೆ. ಶಿಷ್ಯನು ಹೇಳುತ್ತೇನೆಂದ ವಿಷಯ ಇದೇ ಆಗಿತ್ತು. ಮೊದಲು ಪೂರ್ಣಗೊಂಡ ಕೃತಿಯನ್ನು ಕೇಳಿಸಿ, ಅನಂತರ ಈ ತುಣುಕುಗಳನ್ನು ಕೇಳಿಸಿದ. ಅದೇ ಗತಿ ಇದೆ, ಆದರೆ ದಾರಿ ಗೊತ್ತಿಲ್ಲ. ಒಂದು ಕಡೆ ಸೊಗಸಾಗಿ ಏರಿ, ಇನ್ನೇನು ಎಂಬಲ್ಲಿ ಸುಮ್ಮನಾಗುತ್ತದೆ. ಕೆಲವು ತುಣುಕುಗಳಂತೂ ಬೇಸರ ತರಿಸುವಂಥವೇ. ಅವರು ಅಂದು ಬಿಟ್ಟುದು ಸರಿಯಾಗಿತ್ತೆಂದು ನಮಗೂ ಅನಿಸಿತು. ಆದರೆ ಮರಳಿ ಮುಖ್ಯ ಕೃತಿಯನ್ನು ಹಾಕಿದಾಗ ಮೊದಲು ಪಂಪಿನ ಸದ್ದಿನಂತೆ ಕೇಳಿದುದು ಈಗ ಹಾಗೆ ಕೇಳಲಿಲ್ಲ. ಎಲ್ಲಿ ಅವರು ತಡೆದರು, ಎಲ್ಲಿ ಬಿಟ್ಟುಕೊಟ್ಟರು ಎಂಬುದು ಕಿವಿಗೆ ಗೋಚರಿಸಿತು. ಗಣಿತದ ಉತ್ತರಪತ್ರಿಕೆಯಲ್ಲಿ ಬದಿಯಲ್ಲಿ ಮಾಡಿದ ಕಚ್ಚಾ ಲೆಕ್ಕವನ್ನು ಮಕ್ಕಳು ಅಳಿಸಿಬಿಡುತ್ತಾರೆ. ಅಳಿಸಬೇಡಿರೆಂದು ನಾವು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇವೆ. ಉತ್ತರವನ್ನು ನೋಡಿದರೆ ಹುಡುಗನಿಗೆ ಬಂದಿದೆಯೋ ಇಲ್ಲವೋ ಎಂದಷ್ಟೇ ತಿಳಿಯುತ್ತದೆ. ಹೇಗೆ ಬಂತೆಂದು ತಿಳಿಯುವುದು ಕಚ್ಚಾ ಲೆಕ್ಕದಲ್ಲಿ.

ನಾಟಕದ ಸಂಗೀತವೆಂದು ಮೇಲೆ ಹೇಳಿದೆವಷ್ಟೆ. ಅದು ಸೊಫೊಕ್ಲಿಸನ ‘ಈಡಿಪಸ್’. ಪಿ. ಲಂಕೇಶರು ‘ದೊರೆ ಈಡಿಪಸ್’ ಎಂದು ಕನ್ನಡಕ್ಕೆ ತಂದು, ಬಿ. ವಿ. ಕಾರಂತರು 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಬಯಲು ರಂಗಕ್ಕೇರಿಸಿದ ಅದೇ ನಾಟಕ. 1974ರಲ್ಲಿ ಇಂಗ್ಲೆಂಡಿನ ಚಿಚೆಸ್ಟರ್ ನಾಟಕೋತ್ಸವದಲ್ಲಿ ಅದನ್ನು ಆಡಿದಾಗ ಸಂಗೀತವನ್ನು ಒದಗಿಸಿದವರು ಈ ಮೂವರು. 1975ರ ಒಂದು ಮಿಶ್ರ ಸಂಕಲನದಲ್ಲಿ ಅದರ ಪೂರ್ವರಂಗ ಮಾತ್ರ ಹೊರಬಂತು. ಉಳಿದುದು 2019ರವರೆಗೆ ಕಪಾಟಿನಲ್ಲಿ. ಸ್ಟೀವನ್ ವಿಲ್ಸನ್ ಎಂಬ ಸಂಗೀತಗಾರರು ಮೂಲ ಸುರುಳಿಗಳಿಂದ ಅದನ್ನು ಹೊಸದಾಗಿ ಮಿಶ್ರಣಗೊಳಿಸಿದರು. ಇಡೀ ಪೆಟ್ಟಿಗೆಯಲ್ಲಿ ನಮಗೆ ಅತ್ಯಂತ ಹಿಡಿಸಿದುದು ಇದು. ತನ್ನ ಅಪರಾಧವನ್ನು ತಾನೇ ತನಿಖೆ ಮಾಡುತ್ತಿರುವೆನೆಂದು ಅರಿಯದ ರಾಜನ ಕಥೆಗೆ, ಮನುಷ್ಯನ ಕೊರಳಿನಂತಿದ್ದೂ ಮನುಷ್ಯನದಲ್ಲದ ಆ ನಾದ ಹೊಂದುತ್ತದೆ. ಅಂದು ನಾಟಕ ನೋಡಿದವರಲ್ಲಿ ಎಷ್ಟು ಮಂದಿ ಅದನ್ನು ಮತ್ತೊಮ್ಮೆ ಕೇಳುವ ಮೊದಲೇ ತೀರಿಕೊಂಡರೋ!

ಕಚೇರಿಗಳ ವಿಷಯವೇ ಬೇರೆ. 1974, 1975ರ ಕಚೇರಿಗಳಲ್ಲಿ ಇವರು ತಮ್ಮ ತಟ್ಟೆಗಳಲ್ಲಿದ್ದುದನ್ನು ನುಡಿಸುತ್ತಿರಲಿಲ್ಲ. ಕತ್ತಲಲ್ಲಿ ಯಂತ್ರಗಳ ನಡುವೆ ಕುಳಿತು, ಮಾತಿಲ್ಲದೆ, ಅಂದಂದಿನ ರಾತ್ರಿ ಹೊಳೆದುದನ್ನು ನುಡಿಸುವರು. ನಾಳೆ ಅದು ಮರಳಿ ಬಾರದು. ಪೆಟ್ಟಿಗೆಯಲ್ಲಿರುವ ಲಂಡನ್ನಿನ ಮೂರು ಕಚೇರಿಗಳು, 1974ರ ಜೂನ್ ಹಾಗೂ ಅಕ್ಟೋಬರಿನವು ಮತ್ತು 1975ರ ಏಪ್ರಿಲಿನಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದುದು, ಒಂದನ್ನೊಂದು ಹೋಲುವುದಿಲ್ಲ. ತಾಳಮದ್ದಳೆಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸುವುದು ಬೇಡ. ಪ್ರಸಂಗದ ಪದ್ಯ ಅದೇ. ವಾಲಿಯ ಅರ್ಥ ನಿನ್ನೆಯದಲ್ಲ. ಅರ್ಥಧಾರಿಯ ಆ ರಾತ್ರಿಯ ಮಾತು ಆ ರಾತ್ರಿಗೇ ಮುಗಿಯುತ್ತದೆ, ಸಭೆಯ ಮೂಲೆಯಲ್ಲಿ ಯಾರಾದರೊಬ್ಬ ಟೇಪ್ ರಿಕಾರ್ಡರ್ ಇಟ್ಟುಕೊಂಡು ಕುಳಿತಿರದಿದ್ದರೆ.

ಅಲ್ಲಿಯೂ ಅಂಥವರಿದ್ದರು. ಕೋಟಿನೊಳಗೆ ಯಂತ್ರವನ್ನು ಅಡಗಿಸಿಕೊಂಡು ಹೋಗಿ ಕಚೇರಿಯನ್ನು ಮುದ್ರಿಸಿ, ಅಂಚೆಯಲ್ಲಿ ಪರಸ್ಪರ ವಿನಿಮಯ ಮಾಡಿಕೊಂಡ ಕೇಳುಗರು. ಕಾನೂನಿನ ಕಣ್ಣಿಗೆ ಇದು ಸರಿಯಲ್ಲ. ಕೆಲವರು ಇದನ್ನು ಕಳ್ಳವ್ಯಾಪಾರ ಮಾಡಿಕೊಂಡುದೂ ನಿಜ. ಆದರೆ 2002ರಿಂದ ಕೆಲವು ವರ್ಷ ಅಭಿಮಾನಿಗಳ ಒಂದು ಬಳಗವು ಈ ಸುರುಳಿಗಳನ್ನು ಕಲೆಹಾಕಿ, ಶುದ್ಧಗೊಳಿಸಿ, ದಿನಾಂಕ ಸ್ಥಳಗಳನ್ನು ಪರಿಶೀಲಿಸಿ, ‘ಟ್ಯಾಂಜರೀನ್ ಟ್ರೀ’ ಎಂಬ ಹೆಸರಿನಲ್ಲಿ ಲಾಭವಿಲ್ಲದೆ ಹಂಚಿತು. ಮುಂದೆ ವೃಂದದ ಪರವಾಗಿಯೇ ಇಂಥ ಮುದ್ರಣಗಳ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಹೊಲದೊಡೆಯನು ಬಿಟ್ಟುಹೋದ ಕಾಳನ್ನು ಆಯ್ದಿಟ್ಟವರ ಮನೆಗೇ ಒಡೆಯನು ಬೀಜಕ್ಕೆ ಬಂದಂತಾಯಿತು.

ಹೀಗೆ ಉಳಿದ ಕಚೇರಿಗಳಲ್ಲಿ ಮೂರನ್ನು ಇಲ್ಲಿ ಹೇಳದೆ ಮುಂದುವರಿಯಲಾರೆವು. ಒಂದು, 1974ರ ಡಿಸೆಂಬರ್ 13ರಂದು ಫ್ರಾನ್ಸಿನ ರ‍್ಹಾನ್ಸ್ ನಗರದ ಮಹಾದೇವಾಲಯದಲ್ಲಿ ನಡೆದುದು. ಫ್ರಾನ್ಸಿನ ರಾಜರಿಗೆ ಪಟ್ಟಾಭಿಷೇಕ ನಡೆಯುತ್ತಿದ್ದ ಇಗರ್ಜಿ ಅದು. 1914ರಲ್ಲಿ ಜರ್ಮನ್ ಫಿರಂಗಿಗಳ ದಾಳಿಗೆ ಸಿಕ್ಕಿ ಸುಟ್ಟುದೂ ಅದೇ. ಕಚೇರಿಗೆ ಹಿಡಿಸುವುದಕ್ಕಿಂತ ಎಷ್ಟೋ ಮಿಗಿಲು ಜನ ನುಗ್ಗಿದರು. ಹೊರಗೆ ಹೋಗಿ ಬರಲು ಎಡೆಯಿಲ್ಲದೆ ಕೆಲವರು ಅಲ್ಲಿಯೇ ಮಾಡಬಾರದುದನ್ನು ಮಾಡಿದರೆಂದು ಧರ್ಮಾಧಿಕಾರಿಗಳು ಕುಪಿತರಾದರು. ಅವರ ಕೋಪ ನ್ಯಾಯವಾದುದೆಂದೇ ನಾವು ಹೇಳುತ್ತೇವೆ. ಆ ರಾತ್ರಿಯ ಮುದ್ರಣ ಬಹುಕಾಲ ಕೈಯಿಂದ ಕೈಗೆ ಸಾಗಿ, 2015ರಲ್ಲಿ ಅಧಿಕೃತವಾಗಿ ಹೊರಬಂತು.

ಎರಡನೆಯದು ಇಂಗ್ಲೆಂಡಿನ ಕವೆಂಟ್ರಿಯದು, 1975ರ ಅಕ್ಟೋಬರಿನಲ್ಲಿ ನಡೆದುದು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಅಲ್ಲಿಯ ಪ್ರಾಚೀನ ಮಹಾದೇವಾಲಯವನ್ನು ಉರಿಸಿದವು. ಸುಟ್ಟ ಗೋಡೆಗಳನ್ನು ಹಾಗೆಯೇ ನಿಲ್ಲಿಸಿ, ಅದರ ಪಕ್ಕದಲ್ಲಿ ಕಟ್ಟಿದ ಹೊಸ ದೇವಾಲಯವು 1962ರಲ್ಲಿ ಪ್ರತಿಷ್ಠೆಗೊಂಡಿತು. ಆ ಹೊಸ ದೇವಾಲಯದಲ್ಲಿ, ಯುದ್ಧ ಮುಗಿದು ಮೂವತ್ತು ವರ್ಷಕ್ಕೆ, ಬರ್ಲಿನ್ನಿನ ಮೂವರು ತರುಣರು ಕುಳಿತು ನುಡಿಸಿದರು. ಕವೆಂಟ್ರಿಯ ಜನ ಕುಳಿತು ಕೇಳಿದರು. ಟೋನಿ ಪಾಮರ್ ಎಂಬ ನಿರ್ದೇಶಕರು ಅದನ್ನು ದೂರದರ್ಶನಕ್ಕಾಗಿ ಚಿತ್ರಿಸಿದರು. ಪೆಟ್ಟಿಗೆಯ ಬ್ಲೂ-ರೇಯಲ್ಲಿ ಆ ಚಿತ್ರವಿದೆ. ಆದರೆ ಚಿತ್ರದೊಡನೆ ಕೇಳಿಸುವುದು ಆ ಸಂಜೆಯ ನಾದವಲ್ಲ. ಅದೇ ವರ್ಷದ ‘ರಿಕೋಶೆ’ ಎಂಬ ಧ್ವನಿಮುದ್ರಿಕೆಯ ಸಂಗೀತವನ್ನು ಅದಕ್ಕೆ ಜೋಡಿಸಲಾಗಿದೆ. ಬೆರಳುಗಳು ಒಂದನ್ನು ನುಡಿಸುತ್ತವೆ, ಕಿವಿಗೆ ಇನ್ನೊಂದು ಬೀಳುತ್ತದೆ. ಹದಿನೆಂಟು ತಟ್ಟೆಗಳ ಈ ಸಿರಿಯ ನಡುವೆ ನಮ್ಮನ್ನು ಕಾಡಿದುದು ಈ ಒಂದು ಕೊರತೆ.

ಮೂರನೆಯದು ಗೋಡೆಯ ಆಚೆಯದು. 1980ರ ಜನವರಿ 31ರಂದು ಇವರು ಪೂರ್ವ ಬರ್ಲಿನ್ನಿನಲ್ಲಿ, ಅಲ್ಲಿಯ ಸಂಸತ್ತೂ ಇದ್ದ ‘ಪಲಾಸ್ಟ್ ಡೆರ್ ರೆಪುಬ್ಲಿಕ್’ ಎಂಬ ಭವನದಲ್ಲಿ ನುಡಿಸಿದರು. ಬೌಮನ್ನರು ಹೋಗಿ ಯೋಹಾನ್ನೆಸ್ ಷ್ಮೋಲಿಂಗ್ ಬಂದಿದ್ದರು. ಅವರಿಗೆ ಈ ವೃಂದದೊಡನೆ ಅದೇ ಮೊದಲ ಕಚೇರಿ. ಒಂದೇ ನಗರ, ಒಂದೇ ಭಾಷೆ. ನಡುವೆ ಮುಳ್ಳುತಂತಿಯೂ ಬಂದೂಕೂ. ಅಂದಿನ ಸಂಗೀತವನ್ನು ಪೂರ್ವದಲ್ಲಿ ಅಲ್ಲಿಯ ಸರಕಾರದ ಅಮಿಗಾ ಸಂಸ್ಥೆಯು ‘ಕಿಶೋಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಪಶ್ಚಿಮದಲ್ಲಿ ಅದೇ ಸಂಗೀತ 1986ರಲ್ಲಿ ‘ಪೆರ್ಗಮೋನ್’ ಎಂಬ ಹೆಸರಿನಿಂದ ಬಂತು. ಗಡಿಯ ಎರಡು ಬದಿಯಲ್ಲಿ ಒಂದೇ ಕೂಸಿಗೆ ಎರಡು ಹೆಸರು! ಗೋಡೆ 1989ರಲ್ಲಿ ತೆರೆಯಿತು. ಆ ಭವನವನ್ನು 2006ರಿಂದ 2008ರವರೆಗೆ ಕೆಡವಿ ತೆಗೆದರು. ಆ ಸಭೆಯ ಚಪ್ಪಾಳೆ ಮಾತ್ರ ಸುರುಳಿಯಲ್ಲಿದೆ.

ಫ್ರೋಸರ ಒಂದು ನಡೆಯನ್ನು ನಾವು ಒಪ್ಪಲಾರೆವು. ತಮ್ಮ ಇಳಿವಯಸ್ಸಿನಲ್ಲಿ ಅವರು ಹಳೆಯ ಕೃತಿಗಳನ್ನು ಹೊಸ ಯಂತ್ರಗಳಲ್ಲಿ ಮತ್ತೆ ನುಡಿಸಿ ಪ್ರಕಟಿಸತೊಡಗಿದರು. ‘ಫೀಡ್ರಾ’ವೂ 2005ರಲ್ಲಿ ಹೀಗೆ ಮರುಹುಟ್ಟು ಪಡೆಯಿತು. ಕೇಳಿದೆವು. ಶ್ರುತಿ ಎಲ್ಲಿಯೂ ಜಾರುವುದಿಲ್ಲ. ಆದುದರಿಂದಲೇ ಅದರಲ್ಲಿ ಏನೂ ನಡೆಯುವುದಿಲ್ಲ. ಕವಿಯು ತನ್ನ ಪದ್ಯವನ್ನು ತಿದ್ದುವ ಹಕ್ಕುಳ್ಳವನೆಂಬುದು ನಿಜ. ಆದರೆ ಇಪ್ಪತ್ತೊಂಬತ್ತರ ತರುಣನ ತಬ್ಬಿಬ್ಬನ್ನು ಅರುವತ್ತರ ಅನುಭವಸ್ಥನು ತಿದ್ದಹೊರಟರೆ ಉಳಿಯುವುದು ಕೈಬರೆಹದ ಅಂದವಷ್ಟೆ. ಇಷ್ಟಾದರೂ ಹಳೆಯ ಸುರುಳಿಗಳನ್ನು ಅವರು ಎಸೆಯಲಿಲ್ಲ. 2015ರ ಜನವರಿ 20ರಂದು ಅವರು ವಿಯೆನ್ನಾದಲ್ಲಿ ತೀರಿಕೊಂಡ ಮೇಲೆ ಥಾರ್ಸ್ಟೆನ್ ಕ್ವೆಷ್ನಿಂಗ್ ಎಂಬವರು ವೃಂದವನ್ನು ಮುನ್ನಡೆಸಿದರು. 2022ರಲ್ಲಿ ಬಂದ ‘ರೌಮ್’ ಎಂಬ ಧ್ವನಿಮುದ್ರಿಕೆಗೆ ಫ್ರೋಸರು 1977ರಿಂದ 2013ರವರೆಗೆ ಕೂಡಿಟ್ಟ ಸುರುಳಿಗಳ ಭಂಡಾರದಿಂದಲೂ ಸಾಮಗ್ರಿ ಒದಗಿದೆ.

ಪೆಟ್ಟಿಗೆಯ ಬಗ್ಗೆ ಒಂದು ಆಕ್ಷೇಪಣೆಯನ್ನೂ ದಾಖಲಿಸಬೇಕು. ಹಳೆಯ ತಟ್ಟೆಗಳನ್ನೆಲ್ಲ ಈಗಾಗಲೇ ಕೊಂಡವನು ನಾಲ್ಕು ಹೊಸ ತುಣುಕಿಗಾಗಿ ಎಲ್ಲವನ್ನೂ ಇನ್ನೊಮ್ಮೆ ಕೊಳ್ಳಬೇಕಾಗುತ್ತದೆ. ವ್ಯಾಪಾರಿಗಳಿಗೆ ಇದು ಲಾಭ. ಶಿಷ್ಯನೇ ಬೆಲೆ ಹೇಳಲು ಸಂಕೋಚಪಟ್ಟ.

ಇಂಥ ಸಂಗೀತ ನಮ್ಮ ದೇಶಕ್ಕೆ ಹೊರಗಿನದೆಂದು ಭಾವಿಸಬೇಡಿ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಯಂತ್ರವೊಂದು ಸ್ಥಾಪನೆಗೊಂಡಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಹೊಂದಿಸಿಕೊಟ್ಟರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಪ್ರಯೋಗ ನಡೆಸಿದರು. ಆ ಸುರುಳಿಗಳು ದಶಕಗಟ್ಟಲೆ ಮರೆಯಲ್ಲಿದ್ದು, ಪಾಲ್ ಪರ್ಗಾಸ್ ಎಂಬ ಕಲಾವಿದರ ಪರಿಶ್ರಮದಿಂದ 2023ರಲ್ಲಿ ಸಂಕಲನವಾಗಿ ಪ್ರಕಟವಾದವು. ಯಾರೋ ಕಪಾಟು ತೆರೆದು ನೋಡಿದ್ದರಿಂದ ಅವು ಸಿಕ್ಕಿದವು.

ನಮ್ಮ ಕಪಾಟಿನ ಮಾತನ್ನು ಹೇಳಿ ಮುಗಿಸುತ್ತೇವೆ. ಶಿಕ್ಷಕ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಮ್ಮಲ್ಲಿ ಒಂದು ಟೇಪ್ ರಿಕಾರ್ಡರ್ ಇತ್ತು. ನಮ್ಮ ಸೋದರಮಾವ ಒಳ್ಳೆಯ ಅರ್ಥಧಾರಿ. ಪ್ರಸಿದ್ಧರಲ್ಲ, ನಾಲ್ಕು ಊರಿಗೆ ಗೊತ್ತಿದ್ದವರು. ದೇವಸ್ಥಾನದ ನವರಾತ್ರಿಯಲ್ಲಿ ಅವರು ವಾಲಿಯ ಅರ್ಥ ಹೇಳಿದುದನ್ನು ಒಂದು ಕ್ಯಾಸೆಟ್ಟಿನಲ್ಲಿ ಮುದ್ರಿಸಿಟ್ಟಿದ್ದೆವು. ಮಾವ ಅದನ್ನು ಒಮ್ಮೆ ಕೇಳಿ, “ಕೊನೆಗೆ ರಾಮನಿಗೆ ಹೇಳಿದ್ದು ಸಾಲದು ಮಾರಾಯ, ಬರುವ ವರ್ಷ ನೋಡುವಾ” ಎಂದಿದ್ದರು. ಬರುವ ವರ್ಷಕ್ಕೆ ಅವರಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದ ಹಿಂದಿನ ಸಂಜೆ ಮಕ್ಕಳ ಸ್ವಾಗತಗೀತೆಯನ್ನು ಮುದ್ರಿಸಬೇಕಾಗಿ ಬಂತು, ಪೇಟೆ ದೂರ, ಕೈಗೆ ಸಿಕ್ಕಿದ, ಹೆಸರು ಬರೆಯದ ಕ್ಯಾಸೆಟ್ಟನ್ನು ತುರುಕಿದವರು ನಾವೇ. ಮುದ್ರಿಸುವಾಗ ಆ ಯಂತ್ರವು ಮೊದಲು ಹಳೆಯದನ್ನು ಪೂರ್ತಿ ಅಳಿಸಿ, ಮತ್ತೆ ಹೊಸತನ್ನು ಬರೆಯುತ್ತದೆ. ಅಡಿಯಲ್ಲಿ ಏನೂ ಉಳಿಯುವುದಿಲ್ಲ. ಈಗಲೂ ಆ ಕ್ಯಾಸೆಟ್ ಇದೆ. ಸ್ವಾಗತಗೀತೆ ಮುಗಿದ ಮೇಲೆ ಒಂದು ಟಪ್ ಎಂಬ ಸದ್ದು. ಆಮೇಲೆ ಮಾವನ ದನಿಯಲ್ಲಿ ಅರ್ಧ ವಾಕ್ಯ, ಭಾಗವತರ ಜಾಗಟೆ, ಬದಿ ಮುಗಿಯುತ್ತದೆ.

ಇದನ್ನು ಶಿಷ್ಯನಿಗೆ ಹೇಳಿದೆವು. ಅವನು ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, “ಮಾಷ್ಟ್ರೇ, ಈ ಚೂರು ಮುರಿದಿದ್ದರೆ ಸಾಕಿತ್ತು” ಎಂದ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ, ಎಡಕ್ಕೊಂದು ಬಲಕ್ಕೊಂದು, ಉಗುರಿನಷ್ಟು ಅಗಲದ ಎರಡು ಪ್ಲಾಸ್ಟಿಕ್ ಚೂರುಗಳಿರುತ್ತವೆ. ನಿಮ್ಮೆದುರಿಗಿರುವ ಬದಿಗೆ ಸಂಬಂಧಿಸಿದುದು ಎಡಗಡೆಯದು. ಅದನ್ನು ಮುರಿದು ತೆಗೆದರೆ ಆ ಬದಿಯ ಮೇಲೆ ಯಾವ ಯಂತ್ರವೂ ಮುದ್ರಿಸದು. ಬೇಕೆಂದಾದರೆ ಮುಂದೆ ಆ ತೂತಿಗೆ ಅಂಟುಪಟ್ಟಿ ಹಚ್ಚಿಕೊಳ್ಳಬಹುದು. ವಾಚಕರ ಮನೆಯ ಅಟ್ಟದಲ್ಲಿ ಅಜ್ಜಿಯ ಶೋಭಾನೆಯೋ ಅಜ್ಜನ ಅರ್ಥವೋ ಇರುವ ಕ್ಯಾಸೆಟ್ಟುಗಳಿದ್ದರೆ, ಬೂಷ್ಟು ಹಿಡಿದವನ್ನು ಕೂಡಲೇ ಯಂತ್ರಕ್ಕೆ ಹಾಕಬೇಡಿ, ಬಿಸಿಲಿಗೂ ಇಡಬೇಡಿ. ಹೆಸರು, ಊರು, ವರ್ಷ ಬರೆದ ಚೀಟಿಯನ್ನು ಮೊದಲು ಅಂಟಿಸಿ, ಆ ಎರಡು ಚೂರುಗಳನ್ನು ಮುರಿಯಿರಿ. ಅವುಗಳನ್ನು ಇಂದಿನ ಯಂತ್ರಕ್ಕೆ ಇಳಿಸಿಕೊಡುತ್ತೇನೆಂದು ಶಿಷ್ಯ ಒಪ್ಪಿದ್ದಾನೆ. ಅವನು ಮತ್ತೆ ಬರುವುದು ವಿಷುವಿಗೆ.